ಚಳಿಯ ಲೆಕ್ಕ

ಅಡುಗೆಮನೆಯ ಮೂಲೆಯ ಬುಟ್ಟಿಯಲ್ಲಿಟ್ಟ ಈರುಳ್ಳಿ ಮಳೆಗಾಲದಲ್ಲಿ ತನ್ನಷ್ಟಕ್ಕೆ ತಾನೇ ಮೊಳೆಯುವುದನ್ನು ನೋಡದವರು ನಮ್ಮಲ್ಲಿ ಇರಲಾರರು. ಮಣ್ಣಿಲ್ಲ, ನೀರಿಲ್ಲ, ಮೊಳೆಯೆಂದು ಯಾರೂ ಬೇಡಿಕೊಂಡದ್ದೂ ಇಲ್ಲ. ಆದರೂ ಒಂದು ಬೆಳಗ್ಗೆ ನೋಡಿದರೆ ಹಸುರು ನಾಲಗೆಯೊಂದು ಹೊರಗೆ ಚಾಚಿಕೊಂಡಿರುತ್ತದೆ. ಗೃಹಿಣಿಯರಿಗೆ ಅದೇನೂ ಸಂತೋಷದ ಸಂಗತಿಯಲ್ಲ. "ಮೊಳಕೆ ಬಂತು, ಇನ್ನು ಇದು ಬಾಳುವುದಿಲ್ಲ" ಎಂದು ಆ ದಿನದ ಹುಳಿಗೆ ಮೊದಲು ಅದನ್ನೇ ಹೆಚ್ಚಿಹಾಕುತ್ತಾರೆ. ಅವಸರಪಟ್ಟವರಿಗೆ ಲೋಕ ವಿಧಿಸುವ ಶಿಕ್ಷೆ ಸಾಮಾನ್ಯವಾಗಿ ಇದೇ.

ಈ ಮಾತು ನನಗೆ ಹೊಳೆದದ್ದು ನಮ್ಮೂರಿನಲ್ಲಲ್ಲ. 2022ನೆಯ ಇಸವಿಯ ನವೆಂಬರ್ ತಿಂಗಳಿನಲ್ಲಿ, ಇಂಗ್ಲೆಂಡಿನ ಯಾರ್ಕ್ ನಗರದ ಒಂದು ಮನೆಯ ಹಿತ್ತಿಲಿನಲ್ಲಿ. ಅದು ನನ್ನ ಅಕ್ಕನ ಮಗಳ ಮನೆ. ಕಾಲೇಜಿಗೆ ಮೂರು ವಾರ ರಜೆ ಹಾಕಿ ಅಲ್ಲಿಗೆ ಹೋಗಿದ್ದೆ. ದೇಶ ನೋಡುವುದಕ್ಕೆ ಹೋಗುತ್ತೇನೆಂದು ಸಹೋದ್ಯೋಗಿಗಳಿಗೆ ಹೇಳಿದ್ದೆ. ನಿಜವಾಗಿ ಹೋದದ್ದು ಅಕ್ಕನನ್ನು ನೋಡುವುದಕ್ಕೆ.

ಅಕ್ಕ ನನಗಿಂತ ಹದಿನೈದು ವರ್ಷ ದೊಡ್ಡವಳು. ತಾಯಿಯಿಲ್ಲದ ನನ್ನನ್ನು ಸಾಕಿದವಳು. ತೀರ್ಥಹಳ್ಳಿಗೆ ಸಮೀಪದ ಒಂದು ಹಳ್ಳಿಯಲ್ಲಿ ಭಾವನವರ ಅಡಕೆ ತೋಟ, ಅದರ ಅಂಚಿನಲ್ಲಿ ನಾಲ್ಕು ಸಾಲು ಕಾಫಿ. ಆ ವರ್ಷದ ಜೂನ್ ತಿಂಗಳಿನಲ್ಲಿ ಭಾವನವರು ತೀರಿಕೊಂಡರು. ಬಂದವರೆಲ್ಲ ಅತ್ತರು, ಅಕ್ಕ ಅಳಲಿಲ್ಲ. ಬಂದವರಿಗೆ ಎಲೆ ಹಾಕಿಸಿದಳು, ಹಾಸಿಗೆ ಹಾಸಿಸಿದಳು, ಕೊಟ್ಟಿಗೆಗೆ ಹೋಗಿ ಹಾಲು ಕರೆದಳು. ದೂರದೇಶದಿಂದ ಓಡಿಬಂದ ಮಗಳು "ಅಮ್ಮ ನನ್ನೊಡನೆ ಬಂದು ಆರು ತಿಂಗಳು ಇರಲಿ" ಎಂದಳು. ಮನೆಯ ಹಿರಿಯರು ಒಪ್ಪಲಿಲ್ಲ. "ವರ್ಷಾಬ್ದಿಕ ಕಳೆಯಲಿ, ಅಲ್ಲಿಯವರೆಗೆ ಅವಳು ಈ ಮನೆಯಲ್ಲೇ ಇರಬೇಕು" ಎಂದರು. ಅವರಿಗೆ ಎದುರಾಗಿ ವಾದಿಸಿದವನು ನಾನು. ಸ್ಥಳ ಬದಲಾದರೆ ಮನಸ್ಸು ಬದಲಾಗುತ್ತದೆ, ದುಃಖಕ್ಕೆ ಪಂಚಾಂಗವೇಕೆ, ಇದೆಲ್ಲ ಹಳೆಯ ಕಾಲದ ಕಟ್ಟು ಎಂದು ತರಗತಿಯಲ್ಲಿ ಮಾತಾಡುವ ಅಭ್ಯಾಸದಿಂದ ಅರ್ಧ ಗಂಟೆ ಮಾತಾಡಿದೆ. ಹಿರಿಯರು ಸುಮ್ಮನಾದರು. ಅಕ್ಕ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ನಾನು ತೋರಿಸಿದಲ್ಲಿ ರುಜು ಹಾಕಿದಳು. ಸೆಪ್ಟೆಂಬರ್ ಮೊದಲ ವಾರದಲ್ಲಿ ಹೊರಟುಹೋದಳು. ಸಂದರ್ಶಕರಿಗೆ ಆ ದೇಶ ಕೊಡುವ ಅನುಮತಿ ಆರು ತಿಂಗಳಿನದು. ಮಾರ್ಚ್ ಮೊದಲ ವಾರದಲ್ಲಿ ಹಿಂದಿರುಗಬೇಕು.

ಯಾರ್ಕಿನಲ್ಲಿ ಕಂಡ ಅಕ್ಕನನ್ನು ನೋಡಿ ನನಗೆ ನನ್ನ ಬುದ್ಧಿವಂತಿಕೆಯ ಮೇಲೆಯೇ ಅಭಿಮಾನ ಹುಟ್ಟಿತು. ಸೀರೆಯ ಮೇಲೆ ಸ್ವೆಟರ್ ತೊಟ್ಟು, ಏಳು ವರ್ಷದ ಮೊಮ್ಮಗಳ ಕೈಹಿಡಿದು ಅವಳನ್ನು ಶಾಲೆಗೆ ಬಿಟ್ಟು ಬರುತ್ತಿದ್ದಳು. ಅಂಗಡಿಯವನೊಡನೆ ಕನ್ನಡದಲ್ಲೇ ವ್ಯವಹರಿಸಿ ಬೇಕಾದ ಸೊಪ್ಪನ್ನೇ ತರುತ್ತಿದ್ದಳು. ಕಡುಬು ಮಾಡಿದಳು, ನಗಿಸಿದಳು, ನಕ್ಕಳು. "ಅಕ್ಕ ಚೇತರಿಸಿಕೊಂಡಿದ್ದಾಳೆ" ಎಂದು ಅಂದೇ ರಾತ್ರಿ ಊರಿನ ನೆಂಟರಿಗೆಲ್ಲ ತಿಳಿಸಿದೆ. ಹಿರಿಯರಿಗೆ ವಿಶೇಷವಾಗಿ ತಿಳಿಸಿದೆನೆಂಬುದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಆ ಮನೆಯ ಹಿತ್ತಿಲು ಎರಡು ಚಾಪೆ ಹಾಸುವಷ್ಟು ದೊಡ್ಡದು. ಸೆಪ್ಟೆಂಬರ್ ಕೊನೆಯಲ್ಲಿ ಅಜ್ಜಿ ಮೊಮ್ಮಕ್ಕಳು ಸೇರಿ ಅಲ್ಲಿ ನಲವತ್ತು ಡ್ಯಾಫೊಡಿಲ್ ಗೆಡ್ಡೆಗಳನ್ನು ನೆಟ್ಟಿದ್ದರು. ನಮ್ಮ ತಲೆಮಾರಿನವರಿಗೆ ಡ್ಯಾಫೊಡಿಲ್ ಎಂಬುದು ಹೂವಲ್ಲ, ಪಠ್ಯಪುಸ್ತಕದ ಒಂದು ಪುಟ. 1802ನೆಯ ಏಪ್ರಿಲ್ 15ರಂದು ಅಲ್ಸ್‌ವಾಟರ್ ಸರೋವರದ ದಡದಲ್ಲಿ ವರ್ಡ್ಸ್‌ವರ್ತನೂ ಅವನ ತಂಗಿ ಡೊರೊತಿಯೂ ಆ ಹೂಗಳನ್ನು ಕಂಡರು. ತಂಗಿ ಅದನ್ನು ತನ್ನ ದಿನಚರಿಯಲ್ಲಿ ಬರೆದಿಟ್ಟಳು. ಅಣ್ಣನ ಪದ್ಯ 1807ರಲ್ಲಿ ಅಚ್ಚಾಯಿತು. ಆ ಹೂವನ್ನು ಕಣ್ಣಿನಿಂದ ಕಂಡಿರದ ನಾವು ಮಲೆನಾಡಿನ ಹೆಂಚಿನ ಶಾಲೆಯಲ್ಲಿ ಅದನ್ನು ಬಾಯಿಪಾಠ ಮಾಡಿದೆವು. ಅಕ್ಕ ಆ ಪದ್ಯವನ್ನು ಓದಿದವಳಲ್ಲ. ಅವಳ ಕಣ್ಣಿಗೆ ಗೆಡ್ಡೆ ಈರುಳ್ಳಿಯಂತೆಯೇ ಕಂಡಿತು. ಮೂತಿ ಮೇಲಾಗಿ, ಗೆಡ್ಡೆಯ ಎತ್ತರಕ್ಕೆ ಮೂರರಷ್ಟು ಆಳದಲ್ಲಿ ನೆಡಬೇಕೆಂದು ಮೊಮ್ಮಗಳು ಕಲಿಸಿದಳು. ಅದು ಈರುಳ್ಳಿಯಲ್ಲವೆಂದೂ ವಿಷವೆಂದೂ, ಅಳಿಲು ಕೂಡ ಅದನ್ನು ಮುಟ್ಟದೆಂದೂ ಪಕ್ಕದ ಮನೆಯ ವೃದ್ಧೆ ಬೇಲಿಯಾಚೆಯಿಂದ ಎಚ್ಚರಿಸಿದ್ದಳಂತೆ.

ಶರತ್ಕಾಲದಲ್ಲಿ ನೆಟ್ಟದ್ದು ವಸಂತದಲ್ಲಿ ಏಳಬೇಕು. ಅದು ಆ ದೇಶದ ಕ್ರಮ. ಆದರೆ ಆ ವರ್ಷ ಕ್ರಮ ತಪ್ಪಿತ್ತು. ಬ್ರಿಟನ್ನಿನ ಹವಾಮಾನ ದಾಖಲೆಯಲ್ಲಿ ಇಡೀ ವರ್ಷದ ಸರಾಸರಿ ಉಷ್ಣತೆ ಮೊತ್ತಮೊದಲು 10 ಡಿಗ್ರಿಯನ್ನು ದಾಟಿದ್ದು 2022ರಲ್ಲಿ. ನವೆಂಬರ್ ಎಂದರೆ ಹಲ್ಲು ಕಟಕಟಿಸುವ ಚಳಿಯಿರುತ್ತದೆಂದು ಹೆದರಿಹೋದ ನಾನು, ಸಾಲ ತಂದ ದಪ್ಪ ಕೋಟನ್ನು ತೋಳಿನ ಮೇಲೆ ಹಾಕಿಕೊಂಡು ತಿರುಗಿದೆ. ನಾನು ಹೋದ ಎರಡನೆಯ ವಾರ, ಒಂದು ಬೆಳಗ್ಗೆ, ಮೊಮ್ಮಗಳು ಕೂಗುತ್ತ ಒಳಗೆ ಓಡಿಬಂದಳು. ಹಿತ್ತಿಲಿನ ಕರಿಯ ಮಣ್ಣನ್ನು ಸೀಳಿಕೊಂಡು ಹತ್ತು ಹನ್ನೆರಡು ಕಡೆ ಹಸುರು ಮೊನೆಗಳು ಎದ್ದಿದ್ದವು. ಒಂದೆರಡು ಬೆರಳುದ್ದ ಬೆಳೆದಿದ್ದವು.

ಒಂದೇ ದೃಶ್ಯ ನಾಲ್ವರಿಗೆ ನಾಲ್ಕು ಬಗೆಯಾಗಿ ಕಂಡಿತು. ಮಗು ಕುಣಿಯಿತು. ಮಗುವಿನ ತಾಯಿ, "ಅಯ್ಯೋ, ಇಷ್ಟು ಬೇಗ ಎದ್ದವಲ್ಲ ಮಾಮ, ಮುಂದೆ ಹಿಮ ಬಿದ್ದರೆ ಎಲ್ಲ ಸತ್ತುಹೋಗುತ್ತವೆ, ಅಗೆದು ಒಳಗೆ ಇಡೋಣವೇ?" ಎಂದು ಪೇಚಾಡಿದಳು. ಅಕ್ಕ ಬಗ್ಗಿ ಒಂದು ಮೊನೆಯನ್ನು ಬೆರಳಿನಿಂದ ಸವರಿ, ನನ್ನ ಕಡೆ ತಿರುಗಿ, "ಈಗಲೇ ಎದ್ದಿದೆ ಅಂದರೆ, ನಾನು ಹೊರಡೋದರೊಳಗೆ ಹೂ ಬಿಡುತ್ತೆ ಅಲ್ವೇನೋ?" ಎಂದು ಕೇಳಿದಳು. "ಬಿಡದೆ ಏನು, ಖಂಡಿತ ಬಿಡುತ್ತದೆ" ಎಂದೆ. ಎಳೆಯದೊಂದು ಸಸಿಯ ವಿಷಯದಲ್ಲಿಯೂ ತಿಳಿಯದೆ ಭರವಸೆ ಕೊಡುವುದು ಉಪನ್ಯಾಸಕರ ದೌರ್ಬಲ್ಯ.

ನನ್ನ ಮನಸ್ಸು ಮಾತ್ರ ಪುಸ್ತಕದ ಕಡೆ ಓಡಿತ್ತು. ಅಕಾಲದಲ್ಲಿ ಹೂಬಿಟ್ಟ ಮರವನ್ನು ನಮ್ಮ ಹಿಂದಿನವರು ಉತ್ಪಾತವೆಂದು ಎಣಿಸುತ್ತಿದ್ದರು. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಅಂಥ ವಿಕಾರಗಳಿಗೆ ಫಲವನ್ನೂ ಶಾಂತಿಯನ್ನೂ ಹೇಳಿದೆ. ಕವಿಗಳಿಗೆ ಅದು ಸೊಗಸು. ಕುಮಾರಸಂಭವದ ಮೂರನೆಯ ಸರ್ಗದಲ್ಲಿ ಮನ್ಮಥನು ಶಿವನ ತಪೋವನಕ್ಕೆ ಹೊರಡುವಾಗ ವಸಂತನೂ ಜೊತೆಗೆ ಬರುತ್ತಾನೆ. ಕಾಲವಲ್ಲದ ಕಾಲದಲ್ಲಿ ಕಾಡು ಅರಳುತ್ತದೆ. ಅಶೋಕವು ಸುಂದರಿಯ ಪಾದದ ಒದೆತಕ್ಕೂ ಕಾಯದೆ ಬುಡದಿಂದಲೇ ಹೂಬಿಡುತ್ತದೆ. ಮಾವು ಚಿಗುರುತ್ತದೆ, ಕೋಗಿಲೆ ಕೂಗುತ್ತದೆ. ನಮ್ಮ ಹರಿಹರನೂ ಗಿರಿಜಾಕಲ್ಯಾಣದಲ್ಲಿ ಇದೇ ಕಥೆಯನ್ನು ಕನ್ನಡಿಸಿ ಮೆರೆದಿದ್ದಾನೆ. ಪ್ರತಿವರ್ಷ ಆ ಅಕಾಲವಸಂತವನ್ನು ಬಣ್ಣಿಸುವಾಗ ನನ್ನ ತರಗತಿಯೂ ಅರಳುತ್ತದೆ. ಯಾರ್ಕಿನ ಹಿತ್ತಿಲಿನಲ್ಲಿ ಅದೇ ವರ್ಣನೆಯನ್ನು ಅಕ್ಕನಿಗೆ ಹೇಳಿದೆ. ಅವಳು ಕೇಳಿ, "ಆಮೇಲೆ ಏನಾಯ್ತು? ಮನ್ಮಥ ಸುಟ್ಟು ಬೂದಿಯಾಗಲಿಲ್ಲವೇನೋ?" ಎಂದಳು. ನಾನು ಮಾತು ಬದಲಿಸಿದೆ.

ಅಗೆಯುವುದೋ ಬಿಡುವುದೋ ಎಂಬ ಪ್ರಶ್ನೆಯನ್ನು ಬಗೆಹರಿಸಿದವಳು ಪಕ್ಕದ ಮನೆಯ ವೃದ್ಧೆ. ಬೇಲಿಯ ಮೇಲಿಂದ ಇಣುಕಿ ನೋಡಿ, ಏನೂ ಮಾಡಬೇಡಿ, ಹಾಗೆಯೇ ಬಿಡಿ ಎಂದಳು. ಎದ್ದಿರುವುದು ಎಲೆ ಮಾತ್ರ. ಹೂ ಇನ್ನೂ ಕೆಳಗೆ ಮಲಗಿದೆ. ಎಲೆ ಬೇಗ ಬಂದರೆ ಹೂ ಬೇಗ ಬಂದಂತಲ್ಲ ಎಂದಳು. ಅನಂತರ ನಾನು ಗ್ರಂಥಾಲಯದಲ್ಲಿ ಕುಳಿತು ಓದಿದ್ದೆಲ್ಲವೂ ಆ ಮಾತಿಗೆ ಭಾಷ್ಯವಾಯಿತು.

ಗೆಡ್ಡೆಯೆಂಬುದು ಬೀಜದಂತೆ ಬರಿಯ ಸಾಧ್ಯತೆಯಲ್ಲ. ಅದು ಮಡಿಸಿಟ್ಟ ಗಿಡ. ಡ್ಯಾಫೊಡಿಲ್ಲಿನ ಈ ವರ್ಷದ ಹೂ ಉದುರಿ, ಎಲೆ ಬಾಡುತ್ತಿರುವಾಗಲೇ ಬರುವ ವರ್ಷದ ಹೂವಿನ ಮೊಗ್ಗು ನೆಲದೊಳಗಿನ ಗೆಡ್ಡೆಯಲ್ಲಿ ರೂಪುಗೊಳ್ಳಲು ತೊಡಗುತ್ತದೆ. ಸೆಪ್ಟೆಂಬರಿನಲ್ಲಿ ಅಕ್ಕ ಮಣ್ಣಿಗಿಟ್ಟ ಗೆಡ್ಡೆಯನ್ನು ಸೀಳಿ ನೋಡಿದ್ದರೆ ನಡುವೆ ಸಣ್ಣದೊಂದು ಹೂ ಕಾಣುತ್ತಿತ್ತು. ಎಲ್ಲವೂ ಸಿದ್ಧವಾಗಿದ್ದರೂ ಅದು ಏಳುವುದಿಲ್ಲ. ಮೊದಲು ಬೇರು ಇಳಿಯಬೇಕು. ಆಮೇಲೆ ಚಳಿ ಬರಬೇಕು. ಸುಮಾರು ಹನ್ನೆರಡರಿಂದ ಹದಿನಾರು ವಾರ, 9 ಡಿಗ್ರಿಗಿಂತ ಕಡಮೆಯ ತಂಪಿನಲ್ಲಿ ಕಳೆದಮೇಲೆಯೇ ಹೂವಿನ ದಂಟಿಗೆ ನೀಳವಾಗಿ ಬೆಳೆಯುವ ಶಕ್ತಿ ಬರುತ್ತದೆ. ಚಳಿ ಸಾಲದಿದ್ದರೆ ದಂಟು ಗಿಡ್ಡಾಗುತ್ತದೆ, ಇಲ್ಲವೆ ಮೊಗ್ಗು ಒಳಗೇ ಕಮರುತ್ತದೆ. ಮನೆಯೊಳಗೆ ಕುಂಡದಲ್ಲಿ ಹೂಬರಿಸುವವರು ಗೆಡ್ಡೆಗಳನ್ನು ವಾರಗಟ್ಟಲೆ ಶೀತದಲ್ಲಿ ಇಡುವುದು ಇದಕ್ಕಾಗಿಯೇ. ಚಳಿ ಆ ಹೂವಿನ ಶತ್ರುವೆಂದು ನಾವು ತಿಳಿದಿದ್ದೆವು. ಅದು ಹೂವಿನ ಒಂದು ಭಾಗ.

ಬೇಗನೆ ಎದ್ದ ಎಲೆಗೆ ಅಪಾಯವಿಲ್ಲವೇ? ಬಹುಮಟ್ಟಿಗೆ ಇಲ್ಲ. ಅದರ ತುದಿ ಗಟ್ಟಿ, ಮೈ ಸಹನಶೀಲ. ಹಿಮ ಸುರಿದ ಬೆಳಗ್ಗೆ ನೆಲಕ್ಕೆ ಒರಗುತ್ತದೆ. ಬಿಸಿಲು ಬಂದಮೇಲೆ ಮತ್ತೆ ಏಳುತ್ತದೆ. ತುದಿ ಸ್ವಲ್ಪ ಕಂದಬಹುದು, ಅಷ್ಟೆ. ನಿಜವಾದ ಅಪಾಯ ಅದನ್ನು ಕನಿಕರದಿಂದ ಅಗೆಯುವವರಿಂದ. ಇಳಿದ ಬೇರು ಹರಿದರೆ ಆ ವರ್ಷದ ಹೂವಿಗೆ ಪೋಷಣೆ ತಪ್ಪುತ್ತದೆ.

ಇದನ್ನೆಲ್ಲ ಅಕ್ಕನಿಗೆ ವಿವರಿಸಿದಾಗ ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ. "ನಮ್ಮ ಕಾಫಿ ಗಿಡವೂ ಹಾಗೇ ಅಲ್ವೇನೋ" ಎಂದಳು. ನಿಜ. ಕಾಫಿಯ ಮೊಗ್ಗು ಗೆಣ್ಣುಗಳಲ್ಲಿ ಕೂಡಿಕೊಂಡು ಬೇಸಗೆಯ ಮೊದಲ ತಿಂಗಳುಗಳ ಒಣಹವೆಯನ್ನು ಅನುಭವಿಸಬೇಕು. ಆಮೇಲೆ ಫೆಬ್ರವರಿ ಮಾರ್ಚಿನಲ್ಲಿ ಹೂಮಳೆ ಬಿದ್ದರೆ ಹತ್ತು ದಿನದೊಳಗೆ ತೋಟವೆಲ್ಲ ಬೆಳ್ಳಗಾಗುತ್ತದೆ. ಜನವರಿಯಲ್ಲಿ ಅಕಾಲದ ಮಳೆ ಸುರಿದರೆ ಅರೆಬರೆ ಮೊಗ್ಗು ಬಿರಿದು ಒಂದೇ ಗಿಡದಲ್ಲಿ ನಾಲ್ಕು ಕಾಲದ ಕಾಯಿ ನಿಲ್ಲುತ್ತದೆ. ಅಲ್ಲಿ ಚಳಿಯ ಲೆಕ್ಕ, ಇಲ್ಲಿ ಬಾಯಾರಿಕೆಯ ಲೆಕ್ಕ. ಲೆಕ್ಕ ತೀರುವ ಮೊದಲೇ ಬಂದ ಸುಖ ಎರಡು ಕಡೆಯೂ ಸುಖವಲ್ಲ. ಜನವರಿಯ ಮಳೆ ನೋಡಿ ಭಾವನವರು ಊಟ ಬಿಟ್ಟು ಜಗುಲಿಯಲ್ಲಿ ಕೂತಿರುತ್ತಿದ್ದುದನ್ನು ಅಕ್ಕ ಹೇಳಿದಳು. ಆ ಮನೆಯಲ್ಲಿ ಅವಳು ಭಾವನವರ ಮಾತನ್ನು ತೆಗೆದದ್ದು ನಾನು ಕೇಳಿದಂತೆ ಅದೇ ಮೊದಲು. ಹೇಳಿ, ಎದ್ದು ಒಲೆಯ ಕಡೆ ಹೋದಳು.

ಗೆಡ್ಡೆಗಳ ಈ ಅವಸರ ಒಂದು ವರ್ಷದ, ಒಂದು ಹಿತ್ತಿಲಿನ ಮಾತಾಗಿದ್ದರೆ ಇಲ್ಲಿಗೆ ಬಿಡಬಹುದಾಗಿತ್ತು. ಇಂಗ್ಲಿಷರಿಗೆ ಋತುಗಳ ದಿನಚರಿ ಬರೆಯುವ ಹುಚ್ಚು ಹಳೆಯದು. ನಾರ್ಫೋಕ್ ಪ್ರಾಂತದ ರಾಬರ್ಟ್ ಮಾರ್ಷಮ್ ಎಂಬ ಜಮೀನುದಾರ 1736ರಲ್ಲಿ ತೊಡಗಿ, ಮೊದಲ ಹೂ ಯಾವತ್ತು ಅರಳಿತು, ಮೊದಲ ಕೋಗಿಲೆ ಯಾವತ್ತು ಕೂಗಿತು, ಯಾವ ಮರ ಯಾವತ್ತು ಚಿಗುರಿತು ಎಂದು ವರ್ಷ ವರ್ಷವೂ ಬರೆದಿಟ್ಟ. ಅವನ ವಂಶದವರು ಆ ಪರಿಪಾಠವನ್ನು 1958ರವರೆಗೆ ಮುಂದುವರಿಸಿದರು. ಇಂಥ ಲಕ್ಷಗಟ್ಟಲೆ ದಾಖಲೆಗಳನ್ನು ಕೂಡಿಸಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು ಮುಂದಾಗಿ 2022ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ: 406 ಜಾತಿಯ ಸಸ್ಯಗಳು, 1986ರವರೆಗಿನ ಕಾಲಕ್ಕೆ ಹೋಲಿಸಿದರೆ ಅನಂತರದ ವರ್ಷಗಳಲ್ಲಿ, ಸರಾಸರಿ ಸುಮಾರು ಒಂದು ತಿಂಗಳು ಮುಂಚಿತವಾಗಿ ಹೂಬಿಡುತ್ತಿವೆ. 2015ರ ಡಿಸೆಂಬರಿನಲ್ಲಿ ಮಧ್ಯ ಇಂಗ್ಲೆಂಡಿನ ಸರಾಸರಿ ಉಷ್ಣತೆ 9.7 ಡಿಗ್ರಿ, 1659ರಿಂದ ಇರುವ ಆ ದಾಖಲೆಯಲ್ಲಿ ಅಷ್ಟು ಬೆಚ್ಚಗಿನ ಡಿಸೆಂಬರ್ ಇನ್ನೊಂದಿರಲಿಲ್ಲ. ಆ ವರ್ಷ ಕ್ರಿಸ್‌ಮಸ್ ಹಬ್ಬಕ್ಕೇ ಡ್ಯಾಫೊಡಿಲ್ ಹೂಗಳನ್ನು ಕಂಡವರಿದ್ದರು. ಬೇಗ ಬಂದರೆ ನಷ್ಟವೇನು ಎಂದು ಕೇಳಬಹುದು. ಹೂ ಬೇಗ ಅರಳಿ, ಅದನ್ನು ನಂಬಿದ ಹುಳುಹುಪ್ಪಟೆ ತಡವಾಗಿ ಎದ್ದರೆ ಒಬ್ಬರಿಗೆ ಆಹಾರವಿಲ್ಲ, ಇನ್ನೊಬ್ಬರಿಗೆ ಪರಾಗಸ್ಪರ್ಶವಿಲ್ಲ. ಬೇಗ ಅರಳಿದ ಹಣ್ಣಿನ ಮರಕ್ಕೆ ತಡವಾಗಿ ಬಂದ ಹಿಮ ಮೃತ್ಯು. ಲೆಕ್ಕ ಇಡುವವನು ಒಬ್ಬನಿದ್ದು ಉಳಿದವರೆಲ್ಲ ಅವನೊಡನೆ ನಡೆಯುವಂತಿದ್ದ ಸಂಸಾರದಲ್ಲಿ, ಒಬ್ಬೊಬ್ಬರ ಲೆಕ್ಕ ಒಂದೊಂದು ದಾರಿ ಹಿಡಿದಂತಾಗಿದೆ.

ನಾನು ನವೆಂಬರ್ ಕೊನೆಗೆ ಊರಿಗೆ ಹಿಂದಿರುಗಿದೆ. ಡಿಸೆಂಬರ್ ಎರಡನೆಯ ವಾರದಲ್ಲಿ ಆ ದೇಶದ ಮೇಲೆ ಚಳಿ ಒಮ್ಮೆಲೇ ಎರಗಿತು. ಹತ್ತು ದಿನ ರಾತ್ರಿಗಳು ಸೊನ್ನೆಗಿಂತ ಕೆಳಗಿಳಿದವು. ಆ ದಿನಗಳಲ್ಲೊಮ್ಮೆ ನಡುರಾತ್ರಿಯಲ್ಲಿ ಅಕ್ಕನ ಮಗಳು ಫೋನ್ ಮಾಡಿದಳು. "ಮಾಮ, ಅಮ್ಮ ಎರಡು ದಿನದಿಂದ ಅಳುತ್ತಿದ್ದಾರೆ. ಊಟವಿಲ್ಲ, ಮಾತಿಲ್ಲ. ಇಷ್ಟು ದಿನ ಚೆನ್ನಾಗಿದ್ದರಲ್ಲ. ನೀವು ಸ್ವಲ್ಪ ಧೈರ್ಯ ಹೇಳಿ." ಬೆಳಗ್ಗೆ ಹಿತ್ತಿಲಿಗೆ ಹೋದ ಅಕ್ಕ, ಹಿಮದ ಭಾರಕ್ಕೆ ಎಲೆಗಳೆಲ್ಲ ನೆಲಕ್ಕೆ ಮಲಗಿರುವುದನ್ನು ನೋಡಿ ಅಲ್ಲೇ ಕುಳಿತುಬಿಟ್ಟಳಂತೆ.

ಧೈರ್ಯ ಹೇಳುವ ಮಾತುಗಳು ನನ್ನ ನಾಲಗೆಯ ತುದಿಯಲ್ಲೇ ಇದ್ದವು. ಅವು ಅಲ್ಲಿ ಸದಾ ಇರುತ್ತವೆ. ಆದರೆ ಆ ಕಡೆಯಿಂದ ಅಕ್ಕನ ಅಳು ಕೇಳಿದಾಗ ನನಗೆ ಒಂದೇ ಒಂದು ವಿಷಯ ಸ್ಪಷ್ಟವಾಯಿತು: ಜೂನ್ ತಿಂಗಳಿನಲ್ಲಿ ಬರಬೇಕಾಗಿದ್ದ ಅಳು ಇದು. ನಾವು ನೋಡಿ ಹಿಗ್ಗಿದ್ದು ಎಲೆಯನ್ನು. "ಚೇತರಿಸಿಕೊಂಡಳು" ಎಂದು ಡಂಗುರ ಹೊಡೆದವನು ನಾನು. ಒಂದು ವರ್ಷ ಎಂದ ಹಿರಿಯರ ಮಾತಿನಲ್ಲಿ ಕಟ್ಟುಪಾಡೂ ಇತ್ತು, ನಿಜ. ಆದರೆ ಅದರೊಳಗೆ ಒಂದು ಲೆಕ್ಕವೂ ಇತ್ತು. ಎಲ್ಲ ಋತುಗಳೂ ಒಂದು ಸುತ್ತು ಅವನಿಲ್ಲದೆ ಬಂದುಹೋಗಲಿ, ಅವನಿಲ್ಲದ ಮಳೆ, ಅವನಿಲ್ಲದ ಕೊಯ್ಲು, ಅವನಿಲ್ಲದ ಹಬ್ಬ ಒಂದೊಂದು ಸಲ ಆಗಲಿ ಎಂಬ ಲೆಕ್ಕ. ಕಟ್ಟುಪಾಡನ್ನು ಮಾತ್ರ ಕಂಡು ನಾನು ಲೆಕ್ಕವನ್ನು ಕಾಣದೆಹೋಗಿದ್ದೆ. "ಅಕ್ಕಾ, ಅಳು" ಎಂದೆ. ಬೇರೆ ಏನೂ ಹೇಳಲಿಲ್ಲ. ಅವಳು ಬಹಳ ಹೊತ್ತು ಅತ್ತಳು. ಕೊನೆಯಲ್ಲಿ, "ಅವರು ಹೋಗುವಾಗ ನಾನು ಕೊಟ್ಟಿಗೆಯಲ್ಲಿದ್ದೆ ಕಣೋ" ಎಂದಳು. ಆ ಮಾತನ್ನು ಆರು ತಿಂಗಳಿನಿಂದ ಅವಳು ಯಾರಿಗೂ ಹೇಳಿರಲಿಲ್ಲ.

ಆ ರಾತ್ರಿ ನಿದ್ದೆ ಬರಲಿಲ್ಲ. ಕುಮಾರಸಂಭವವನ್ನು ತೆಗೆದೆ. ವರ್ಷವರ್ಷವೂ ನಾನು ಮೂರನೆಯ ಸರ್ಗವನ್ನು ಬಣ್ಣಿಸಿ, ಐದನೆಯದನ್ನು ಗಂಟೆ ಬಾರಿಸುವುದರೊಳಗೆ ಮುಗಿಸುತ್ತಿದ್ದೆ. ಅಕಾಲವಸಂತದಿಂದ ಆದದ್ದೇನು? ಅಕ್ಕ ಕೇಳಿದ್ದು ಸರಿ; ಬೂದಿ. ಶಿವ ಒಲಿದದ್ದು ಆ ಹೂಗಳಿಗಲ್ಲ. ಪಾರ್ವತಿ ಬೇಸಗೆಯಲ್ಲಿ ಬೆಂಕಿಗಳ ನಡುವೆ ನಿಂತು, ಮಳೆಗಾಲವನ್ನು ಬಯಲಿನಲ್ಲಿ ಕಳೆದು, ಪುಷ್ಯಮಾಸದ ಹಿಮಗಾಳಿಯ ರಾತ್ರಿಗಳಲ್ಲಿ ನೀರಿನೊಳಗೆ ನಿಂತಮೇಲೆ ಅವನೇ ಅವಳ ಬಳಿಗೆ ನಡೆದುಬಂದ. ಕಾಳಿದಾಸ ವಸಂತವನ್ನು ಸುಟ್ಟು ಚಳಿಗಾಲವನ್ನು ಗೆಲ್ಲಿಸಿದ್ದಾನೆ. ಇಪ್ಪತ್ತು ವರ್ಷ ಪಾಠ ಹೇಳಿದವನಿಗೆ ಇದು ತಿಳಿದದ್ದು ನಲವತ್ತು ಗೆಡ್ಡೆಗಳಿಂದ.

ಡಿಸೆಂಬರ್ ಕೊನೆಗೆ ಎಲೆಗಳು ಮತ್ತೆ ಎದ್ದವು, ಅಕ್ಕನೂ ಎದ್ದಳು. ಮೊದಲಿನಂತೆ ನಗಿಸುತ್ತಿರಲಿಲ್ಲವಂತೆ. ಮೊಮ್ಮಗಳನ್ನು ಶಾಲೆಗೆ ಬಿಟ್ಟು ಬಂದು ಕಿಟಕಿಯ ಬಳಿ ಸುಮ್ಮನೆ ಕೂತಿರುತ್ತಿದ್ದಳು. ಭಾವನವರ ವಿಷಯ ಮಗಳೊಡನೆ ಮಾತಾಡುತ್ತಿದ್ದಳು. ಮಾರ್ಚ್ ಮೊದಲ ವಾರ ಬಂತು. ಮೊಗ್ಗುಗಳು ದಂಟಿನ ತುದಿಯಲ್ಲಿ ಹಸುರು ಹೊದಿಕೆಯೊಳಗೆ ತಲೆಬಗ್ಗಿಸಿ ನಿಂತಿದ್ದವು, ಒಂದೂ ಅರಳಿರಲಿಲ್ಲ. ನನ್ನ ಭರವಸೆ ಹುಸಿಯಾಯಿತು. ಗೆಡ್ಡೆಯೊಂದನ್ನು ಊರಿಗೆ ಒಯ್ಯುವ ಆಸೆ ಅಕ್ಕನಿಗಿತ್ತು. ನಮ್ಮ ಮಲೆನಾಡಿನ ಚಳಿ ಅದರ ಲೆಕ್ಕಕ್ಕೆ ಸಾಲದು, ಬರಿಯ ಎಲೆ ಬಂದೀತು ಎಂದು ತಿಳಿದಮೇಲೆ, "ಹಾಗಾದರೆ ಅದು ಇಲ್ಲೇ ಇರಲಿ" ಎಂದು ಬಿಟ್ಟು ಬಂದಳು.

ಆ ಮಾರ್ಚ್ 22 ಯುಗಾದಿ. ಭಾವನವರಿಲ್ಲದ ಮೊದಲ ಯುಗಾದಿ. ಆ ವರ್ಷ ಹಬ್ಬ ಮಾಡುವಂತಿರಲಿಲ್ಲ. ನಾನು ಸುಮ್ಮನೆ ಅಕ್ಕನ ಜೊತೆಗಿರಲೆಂದು ಹೋಗಿದ್ದೆ. ಮಧ್ಯಾಹ್ನ ನನ್ನ ಫೋನಿಗೆ ಎರಡು ಚಿತ್ರ ಬಂದವು. ಒಂದರಲ್ಲಿ ಯಾರ್ಕಿನ ಹಳೆಯ ಕೋಟೆಗೋಡೆಯ ಕೆಳಗಿನ ಮಣ್ಣುದಿಬ್ಬವೆಲ್ಲ ಹಳದಿ. ಇನ್ನೊಂದರಲ್ಲಿ ಹಿತ್ತಿಲು, ಮೊಮ್ಮಗಳು ಒಂದೊಂದನ್ನೂ ಎಣಿಸಿ, ಮೂವತ್ತೇಳು ಅರಳಿವೆ ಎಂದು ಅಜ್ಜಿಗೆ ತಿಳಿಸಿದ್ದಳು. ಅಕ್ಕ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು.

"ಇನ್ನು ಮೂರು?" ಎಂದೆ.

"ಬರುತ್ತೆ ಬಿಡು. ಅದಕ್ಕೂ ಏನೋ ಲೆಕ್ಕ ಇರಬೇಕು" ಎಂದು ಫೋನನ್ನು ನನ್ನ ಕೈಗೆ ಕೊಟ್ಟು, ಕರುವಿಗೆ ಹುಲ್ಲು ಹಾಕಲು ಕೊಟ್ಟಿಗೆಯ ಕಡೆ ನಡೆದಳು.